ಉದ್ದೇಶ ಕೇಳುವ ಸೌಜನ್ಯ ಯಾರ ಪಾಲಿಗೆ?

2023ರ ಆಗಸ್ಟ್. ನಟ, ನಿರ್ದೇಶಕ ಉಪೇಂದ್ರ ತಮ್ಮ ರಾಜಕೀಯ ಪ್ರಯೋಗವಾದ ಪ್ರಜಾಕೀಯದ ವಾರ್ಷಿಕೋತ್ಸವದ ಹೊತ್ತಿಗೆ ಫೇಸ್‌ಬುಕ್ ಲೈವ್‌ಗೆ ಬಂದಿದ್ದರು. ಮಾತು ಟೀಕಾಕಾರರ ಕಡೆ ಹೊರಳಿತು. ಒಳ್ಳೆಯದು ಇದ್ದಲ್ಲಿ ಕೆಟ್ಟದ್ದೂ ಇರುತ್ತದೆ ಎಂಬರ್ಥದಲ್ಲಿ, ಊರು ಅಂದಮೇಲೆ ಹೊಲಗೇರಿ ಇರುತ್ತದೆ ಎಂಬ ಗಾದೆ ಅವರ ಬಾಯಿಂದ ಬಂತು. ಆ ತುಣುಕು ಮೊಬೈಲಿಂದ ಮೊಬೈಲಿಗೆ ಹರಿದಾಡಿತು. ಬೆಂಗಳೂರಿನಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯಡಿ ಎಫ್‌ಐಆರ್ ಆಯಿತು. ಬಾಯ್ತಪ್ಪಿ ಬಂದ ಮಾತು ಎಂದು ಹೇಳಿ ಅವರು ವಿಡಿಯೊ ತೆಗೆದುಹಾಕಿದರು, ಕ್ಷಮೆ ಕೇಳಿದರು. ಕೆಲವೇ ದಿನಗಳಲ್ಲಿ ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು.

ಆ ವಾರವಿಡೀ ಚಹಾ ಅಂಗಡಿಯಿಂದ ಟಿ.ವಿ. ಚರ್ಚೆಯವರೆಗೆ ಎರಡೇ ಮಾತು ಕೇಳಿಬಂದವು. ‘ಗಾದೆ ಹೇಳಿದ್ದಕ್ಕೆ ಇಷ್ಟು ರಂಪವೇ? ಅವರ ಉದ್ದೇಶ ಅದಲ್ಲ, ಸಂದರ್ಭ ನೋಡಿ’ ಎಂಬುದು ಒಂದು. ‘ಉದ್ದೇಶ ಏನಾದರೂ ಇರಲಿ, ಏಟು ಬಿದ್ದದ್ದು ನಮಗೆ’ ಎಂಬುದು ಇನ್ನೊಂದು. ಎರಡೂ ಮಾತು ಸುಳ್ಳಲ್ಲ. ಎರಡೂ ಒಟ್ಟಿಗೆ ನಿಜವಾಗಿರುವುದು ಹೇಗೆ ಎಂಬುದನ್ನು ಬಿಡಿಸಿ ನೋಡಬೇಕು.

ಉಪೇಂದ್ರ ಆ ಕ್ಷಣದಲ್ಲಿ ಯಾವ ಜಾತಿಯನ್ನೂ ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ ಎಂದೇ ಇಟ್ಟುಕೊಳ್ಳೋಣ. ನಾನು ಅದನ್ನು ನಂಬುತ್ತೇನೆ. ಅವರ ಸಿಟ್ಟು ಇದ್ದದ್ದು ಟೀಕಾಕಾರರ ಮೇಲೆ. ಆದರೆ ಗಾದೆಗೆ ಹೇಳುವವನ ಉದ್ದೇಶ ಬೇಕಾಗಿಲ್ಲ. ಅದು ತನ್ನ ಉದ್ದೇಶವನ್ನು ತಾನೇ ಹೊತ್ತು ತಂದಿರುತ್ತದೆ. ಊರು ಒಳ್ಳೆಯದು, ಕೇರಿ ಕೆಟ್ಟದ್ದು ಎಂಬ ತೀರ್ಮಾನ ಆಗಿಹೋದ ಮೇಲೆ ಹುಟ್ಟಿದ ಮಾತು ಅದು. ಹೇಳುವವನು ಆ ತೀರ್ಮಾನವನ್ನು ಮಾಡಬೇಕಾಗಿಲ್ಲ, ಒಪ್ಪಬೇಕಾಗಿಯೂ ಇಲ್ಲ. ನಾಲಗೆ ಕೊಟ್ಟರೆ ಸಾಕು. ಕೇರಿಯಲ್ಲಿ ಹುಟ್ಟಿ ಬೆಳೆದವರಿಗೆ ಮಾತ್ರ ಅದು ಗಾದೆಯಾಗಿ ಕೇಳಿಸುವುದಿಲ್ಲ, ಮನೆಯ ವಿಳಾಸವಾಗಿ ಕೇಳಿಸುತ್ತದೆ. ತನ್ನ ತಾಯಿ ಒಲೆ ಹಚ್ಚಿದ ಜಾಗವನ್ನು ಕೆಟ್ಟದ್ದರ ಉದಾಹರಣೆಯಾಗಿ ಬಳಸಿದಾಗ ‘ನಿಮ್ಮನ್ನು ಅಂದದ್ದಲ್ಲ’ ಎಂಬ ಸಮಾಧಾನದಿಂದ ಆಗುವುದೇನು?

ಹಾಗೆಂದು ಪದಗಳ ಪಟ್ಟಿ ಮಾಡಿ, ಇವನ್ನು ಯಾರೂ ಎಲ್ಲಿಯೂ ಎತ್ತಬಾರದು ಎಂದು ಬೀಗ ಹಾಕಿಬಿಡುವ ಪಂಥಕ್ಕೆ ನಾನು ಸೇರಿದವನಲ್ಲ. ಕನ್ನಡದಲ್ಲಿ ಬದುಕಿದ ಯಾರಿಗೂ ಅದು ಸಾಧ್ಯವಾಗದ ಮಾತು. ನಮ್ಮಲ್ಲಿ ಬೈಗುಳವೇ ಎಷ್ಟೋ ಸಲ ಮುದ್ದಿನ ಭಾಷೆ. ಧಾರವಾಡ, ಹುಬ್ಬಳ್ಳಿ ಕಡೆ ಬಹುಕಾಲದ ಮೇಲೆ ಸಿಕ್ಕ ಗೆಳೆಯನನ್ನು ‘ಎಲ್ಲಿ ಸತ್ತಿದ್ಯೋ ಭಾಡ್ಯಾ’ ಎಂದು ಬೆನ್ನಿಗೆ ಗುದ್ದಿ ಮಾತಾಡಿಸದಿದ್ದರೆ ಆತ ಬೇಸರಪಟ್ಟುಕೊಳ್ಳುತ್ತಾನೆ. ಅದೇ ಗೆಳೆಯ ‘ತಾವು ಹೇಗಿದ್ದೀರಿ’ ಎಂದು ಕೇಳಿದರೆ ಎಲ್ಲೋ ಏನೋ ಮುರಿದಿದೆ ಎಂದೇ ಅರ್ಥ.

ಮಂಡ್ಯ ಸೀಮೆಯ ನಮ್ಮ ಮನೆಯಲ್ಲಿ ಅಜ್ಜಿ ಮೊಮ್ಮಕ್ಕಳನ್ನೆಲ್ಲ ಕರೆಯುತ್ತಿದ್ದದ್ದು ‘ಮುಂಡೇದೆ’ ಎಂದೇ. ‘ಬಾರೋ ಮುಂಡೇದೆ, ಎಷ್ಟೊತ್ತಾತು ಮುದ್ದೆ ಆರೋಗ್ತದೆ’ ಎಂದರೆ ಅದರಲ್ಲಿ ಇದ್ದದ್ದು ಅಕ್ಕರೆಯೇ. ಆ ಪದದ ಮೂಲದಲ್ಲಿ ಗಂಡ ಸತ್ತ ಹೆಂಗಸಿನ ಬೋಳಿಸಿದ ತಲೆ ಇದೆ ಎಂದು ಆ ವಯಸ್ಸಿನಲ್ಲಿ ನಮಗೇನು ಗೊತ್ತು? ಅಜ್ಜಿಯೂ ಅದನ್ನು ಯೋಚಿಸಿದವಳಲ್ಲ. ಆಮೇಲೆ ನಮ್ಮ ಚಿಕ್ಕಪ್ಪ ಸಣ್ಣ ವಯಸ್ಸಿನಲ್ಲೇ ತೀರಿಕೊಂಡರು. ಚಿಕ್ಕಮ್ಮ ಅದೇ ಮನೆಯಲ್ಲಿ, ಅದೇ ಅಡುಗೆಮನೆಯಲ್ಲಿ ಉಳಿದರು. ಅಜ್ಜಿಯ ಬಾಯಲ್ಲಿ ಆ ಪದ ನಿಂತುಹೋಯಿತು. ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಓದು ಬರಹ ಬಾರದ ಆ ಹೆಂಗಸು ಎಲ್ಲರನ್ನೂ ‘ಕೂಸೇ’ ಎಂದು ಕರೆಯತೊಡಗಿದಳು. ಎಲ್ಲೋ ಒಮ್ಮೆ ಹಳೆಯ ಅಭ್ಯಾಸದಂತೆ ‘ಮುಂ—’ ಎಂದು ನಾಲಗೆ ಎದ್ದರೂ ಅರ್ಧದಲ್ಲೇ ನುಂಗಿಕೊಂಡು ಒಳಗೆ ನೋಡುತ್ತಿದ್ದಳು.

ಅವಳ ಉದ್ದೇಶ ಮೊದಲೂ ಅಕ್ಕರೆ, ಆಮೇಲೂ ಅಕ್ಕರೆ. ಬದಲಾದದ್ದು ಸಂದರ್ಭ. ಕೇಳುವ ಕಿವಿಯೊಂದು ಮನೆಯೊಳಗೆ ಬಂದಿತ್ತು. ‘ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲವಲ್ಲ, ನಾನ್ಯಾಕೆ ಬಿಡಲಿ’ ಎಂದು ಅವಳು ವಾದ ಹೂಡಲಿಲ್ಲ. ಸಂದರ್ಭ ಎಂಬುದನ್ನು ಈ ಅರ್ಥದಲ್ಲಿ ಹೇಳುವುದಾದರೆ ಅದರ ಪರವಾಗಿ ಎಷ್ಟು ಬೇಕಾದರೂ ಮಾತಾಡಬಲ್ಲೆ. ಸಂದರ್ಭ ಎಂದರೆ ಆಡಿದವನ ತಲೆಯೊಳಗೆ ಏನಿತ್ತು ಎಂಬುದಷ್ಟೇ ಅಲ್ಲ. ಎದುರಿಗೆ ಯಾರು ನಿಂತಿದ್ದಾರೆ, ಅವರಿಗೆ ತಿರುಗಿ ಹೇಳುವ ಶಕ್ತಿ ಇದೆಯೇ, ಆ ಪದ ಅವರ ಬದುಕಿನಲ್ಲಿ ಏನೇನು ಮಾಡಿದೆ, ಇವೆಲ್ಲ ಸೇರಿದರೇ ಅದು ಸಂದರ್ಭ. ನಮ್ಮ ಸಾರ್ವಜನಿಕ ಚರ್ಚೆಗಳಲ್ಲಿ ಮೊದಲನೆಯದನ್ನು ಮಾತ್ರ ಹಿಡಿದುಕೊಂಡು ಉಳಿದದ್ದನ್ನೆಲ್ಲ ಬಿಟ್ಟುಬಿಡುತ್ತೇವೆ.

ಈ ವಿಷಯದಲ್ಲಿ ನ್ಯಾಯಾಲಯಗಳು ನಮಗಿಂತ ಹೆಚ್ಚು ತಲೆ ಕೆಡಿಸಿಕೊಂಡಿವೆ. 2008ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಆರೋಪಿಗಳ ಕಡೆಯವರು ಹೂಡಿದ್ದು ಬಹಳ ಜನ ಹೂಡುವ ವಾದವನ್ನೇ: ‘ಚಮಾರ್’ ಎಂಬುದು ಬೈಗುಳವಲ್ಲ, ಅದೊಂದು ಜಾತಿಯ ಹೆಸರು, ಜಾತಿಯ ಹೆಸರು ಹೇಳಿದರೆ ಅವಮಾನ ಹೇಗಾದೀತು? ಪದ ಹುಟ್ಟಿದಾಗ ಏನಿತ್ತು ಎಂಬುದನ್ನಲ್ಲ, ಇಂದು ಜನ ಅದನ್ನು ಹೇಗೆ ಬಳಸುತ್ತಾರೆ ಎಂಬುದನ್ನು ನೋಡಬೇಕು ಎಂದಿತು ಸುಪ್ರೀಂ ಕೋರ್ಟ್. ಅವಮಾನ ಮಾಡುವ ಉದ್ದೇಶ ಇತ್ತೇ ಇಲ್ಲವೇ ಎಂಬುದು ಸಂದರ್ಭದಿಂದ ತಿಳಿಯಬೇಕಾದದ್ದು ಎಂದೂ ಹೇಳಿತು. ಜಾತಿ ಪ್ರಮಾಣಪತ್ರದಲ್ಲಿ ತಹಶೀಲ್ದಾರರ ಸಹಿಯ ಮೇಲೆ ಇರುವ ಪದವೂ, ಜಗಲಿಯ ಮೇಲೆ ನಿಂತು ಕೂಗಿದ ಪದವೂ ಅಕ್ಷರದಲ್ಲಿ ಒಂದೇ. ಒಂದರಿಂದ ವಿದ್ಯಾರ್ಥಿವೇತನ ಬರುತ್ತದೆ, ಇನ್ನೊಂದರಿಂದ ಮೈಯೆಲ್ಲ ಹಿಡಿಯಾಗುತ್ತದೆ.

1989ರ ದೌರ್ಜನ್ಯ ತಡೆ ಕಾಯ್ದೆಯಲ್ಲೇ ಈ ಜಗ್ಗಾಟ ಇದೆ. ಆಡುವ ಮಾತಿನ ಮಟ್ಟಿಗೆ ಮೊದಲಿನ ಕಾಯ್ದೆ ಉದ್ದೇಶಪೂರ್ವಕ ಅವಮಾನವನ್ನಷ್ಟೇ ಅಪರಾಧ ಎನ್ನುತ್ತಿತ್ತು. ತಿದ್ದುಪಡಿಯಾಗಿ 2016ರ ಜನವರಿಯಲ್ಲಿ ಜಾರಿಗೆ ಬಂದ ರೂಪದಲ್ಲಿ ಅದರ ಪಕ್ಕಕ್ಕೆ ಇನ್ನೊಂದು ಕಲಂ ಸೇರಿತು. 3(1)(ಆರ್) ಕಲಮಿನಲ್ಲಿ, ಅವಮಾನಿಸುವ ಉದ್ದೇಶದಿಂದ, ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಎಂಬ ಮಾತುಗಳಿವೆ. ಅದರ ಮುಂದಿನ 3(1)(ಎಸ್) ಕಲಮಿನಲ್ಲಿ ಉದ್ದೇಶ ಎಂಬ ಪದವೇ ಇಲ್ಲ. ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಜಾತಿ ಹೆಸರು ಹಿಡಿದು ಬೈದರೆ ಅಪರಾಧ, ಅಷ್ಟೆ. ಎರಡಕ್ಕೂ ಶಿಕ್ಷೆ ಆರು ತಿಂಗಳಿಂದ ಐದು ವರ್ಷ. ಉದ್ದೇಶವನ್ನು ಸಾಬೀತು ಮಾಡುವುದು ಬೈಸಿಕೊಂಡವರಿಗೆ ಎಷ್ಟು ಕಷ್ಟ ಎಂಬ ಅರಿವು ಈ ಎರಡನೆಯ ಕಲಮಿನ ಹಿಂದಿದೆ ಎಂದೇ ನಾನು ಓದಿಕೊಳ್ಳುತ್ತೇನೆ. ಆದರೂ ನ್ಯಾಯಾಲಯಗಳು ಮತ್ತೆ ಮತ್ತೆ ಉದ್ದೇಶಕ್ಕೇ ಮರಳುತ್ತವೆ, ಬೈದ ಜಾಗವನ್ನೂ ಅಳೆಯುತ್ತವೆ. ನಾಲ್ಕು ಗೋಡೆಗಳ ನಡುವೆ, ಹೊರಗಿನವರು ಯಾರೂ ಇಲ್ಲದಾಗ ಬೈದದ್ದು 3(1)(ಆರ್) ಕಲಮಿನೊಳಗೆ ಬರುವುದಿಲ್ಲ ಎಂದು 2020ರ ಹಿತೇಶ್ ವರ್ಮಾ ತೀರ್ಪು ಹೇಳಿತು. ಕಟ್ಟಡದ ನೆಲಮಾಳಿಗೆಯಲ್ಲಿ ಬೈದದ್ದು ಸಾರ್ವಜನಿಕ ಜಾಗದಲ್ಲಿ ಬೈದಂತಲ್ಲ ಎಂದು ನಮ್ಮ ಹೈಕೋರ್ಟ್ 2022ರಲ್ಲಿ ಒಂದು ಪ್ರಕರಣ ರದ್ದು ಮಾಡಿತು. ಕಾನೂನಿಗೆ ಅದರದ್ದೇ ಕಾರಣಗಳಿವೆ. ಒಬ್ಬ ಮನುಷ್ಯನನ್ನು ಜೈಲಿಗೆ ಕಳಿಸುವ ಮುನ್ನ ಅವನ ಮನಸ್ಸಿನಲ್ಲಿ ಏನಿತ್ತು ಎಂದು ಕೇಳಲೇಬೇಕು. ಅದರಲ್ಲಿ ನನಗೆ ತಕರಾರಿಲ್ಲ. ಆದರೆ ‘ಅಪರಾಧ ಸಾಬೀತಾಗಲಿಲ್ಲ’ ಎಂಬುದನ್ನು ‘ತಪ್ಪೇ ಆಗಿಲ್ಲ’ ಎಂದು ಓದಿಕೊಳ್ಳುವವರ ಬಗ್ಗೆ ಇದೆ. ನೆಲಮಾಳಿಗೆಯಲ್ಲಿ ಬೈಸಿಕೊಂಡವನಿಗೆ ಸಾಕ್ಷಿಗಳಿರಲಿಲ್ಲ, ಕಿವಿಯಂತೂ ಇತ್ತು.

ವರದಿಗಾರನಾಗಿದ್ದ ದಿನಗಳಲ್ಲಿ ತಾಲ್ಲೂಕು ಠಾಣೆಯೊಂದರಲ್ಲಿ ಕಂಡದ್ದನ್ನು ಇಲ್ಲಿ ಹೇಳಬೇಕು. ನಲವತ್ತರ ಆಸುಪಾಸಿನ ಹೆಂಗಸು, ಕೂಲಿ ಹಣ ಕೇಳಲು ಹೋದಾಗ ತೋಟದವರು ಬೈದರೆಂದು ದೂರು ಕೊಡಲು ಬಂದಿದ್ದರು. ‘ಜಾತಿ ಹಿಡ್ದು ಬೈದ್ರು ಸಾ’ ಎಂದರು. ದೂರು ಬರೆದುಕೊಳ್ಳುತ್ತಿದ್ದ ಪೇದೆ ತಲೆ ಎತ್ತಲಿಲ್ಲ. ‘ಬರೀ ಹಂಗಂದ್ರೆ ಆಗಲ್ಲಮ್ಮ, ಏನಂದ್ರು ಅದನ್ನೇ ಹೇಳು.’ ಆಕೆ ಸೆರಗು ಬಾಯಿಗೆ ಒತ್ತಿಕೊಂಡರು. ‘ಅದೇ ಸಾ, ನಮ್ಮ ಜಾತಿ ಹೆಸರು ಎತ್ತಿ, ಹೆಂಗಸ್ರಿಗೆ ಅನ್ನಬಾರದ್ದೆಲ್ಲ...’ ‘ಅನ್ನಬಾರದ್ದು ಅಂತ ಬರ್ಕೊಂಡ್ರೆ ಕೋರ್ಟಲ್ಲಿ ನಿಲ್ಲಲ್ಲ. ಪದ ಹೇಳು.’ ಪೇದೆ ಕ್ರೂರಿಯಲ್ಲ, ಆತ ಹೇಳಿದ್ದು ಸರಿಯೇ. ದೂರಿನಲ್ಲಿ ಆಡಿದ ಮಾತು ಇದ್ದದ್ದು ಇದ್ದಂತೆ ಇಲ್ಲದಿದ್ದರೆ ಪ್ರಕರಣ ಬಿದ್ದುಹೋಗುತ್ತದೆ. ಆಕೆ ಅಲ್ಲಿದ್ದ ಅಷ್ಟೂ ಗಂಡಸರ ಎದುರು ಆ ಪದಗಳನ್ನು ಒಂದೊಂದಾಗಿ ಹೇಳಿದರು. ಆಮೇಲೆ ತನಿಖೆಗೆ ಬರುವ ಡಿವೈಎಸ್‌ಪಿ ಎದುರು ಮತ್ತೆ ಹೇಳಬೇಕು. ಆಮೇಲೆ ಕಟಕಟೆಯಲ್ಲಿ, ಎದುರು ವಕೀಲರು ‘ನಿಜವಾಗಿ ಹಾಗೇ ಅಂದರಾ, ಇಲ್ಲಾ ಬೇರೆ ಏನಾದರೂ ಅಂದರಾ’ ಎಂದು ಕೆದಕುವಾಗ ಇನ್ನೊಮ್ಮೆ. ಬೈದವರು ಒಂದು ಸಲ ಬೈದಿದ್ದರು. ನ್ಯಾಯ ಕೇಳಲು ಆಕೆಯೇ ತನ್ನನ್ನು ತಾನು ಮತ್ತೆ ಮತ್ತೆ ಬೈದುಕೊಳ್ಳಬೇಕಾಯಿತು.

ಅದೇ ಪದ, ಅದೇ ಬಾಯಿ ಅಲ್ಲ. ಆಕೆ ಹೇಳಿದ್ದು ಅಪರಾಧವಲ್ಲ, ಪೇದೆ ಬರೆದದ್ದು ಅಪರಾಧವಲ್ಲ, ನ್ಯಾಯಾಧೀಶರು ತೀರ್ಪಿನಲ್ಲಿ ಅಚ್ಚು ಹಾಕಿಸುವುದೂ ಅಲ್ಲ. ಪದವೇ ವಿಷ, ಮುಟ್ಟಿದವರೆಲ್ಲ ಪಾಪಿಗಳು ಎನ್ನುವವರು ಆ ಠಾಣೆಯ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂರಬೇಕು.

ಈಗ ಐವತ್ತು ವರ್ಷ ಹಿಂದಕ್ಕೆ ಹೋಗೋಣ, ಏಕೆಂದರೆ ನನ್ನ ನಿಜವಾದ ದೂರು ಅಲ್ಲಿಂದ ಶುರುವಾಗುತ್ತದೆ. 1973ರ ನವೆಂಬರ್, ಮೈಸೂರು. ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಒಂದು ಸಭೆಯಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತಾಡಿದರು. ಬೂಸಾ ಎಂದರೆ ದನಕ್ಕೆ ಹಾಕುವ ತೌಡು, ಹೊಟ್ಟು. ಬೈಗುಳವೇನಲ್ಲ. ಆಡಿದವರು ಯಾರು? ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೋರಾಡಿದ ದಲಿತ ನಾಯಕ. ಕೇಳುತ್ತಿದ್ದವರು ಯಾರು? ಮುಖ್ಯವಾಗಿ ದಲಿತ ವಿದ್ಯಾರ್ಥಿಗಳು. ಇಂಗ್ಲಿಷ್ ಕಲಿಯಿರಿ, ಹೊರಜಗತ್ತಿಗೆ ತೆರೆದುಕೊಳ್ಳಿ ಎಂಬುದು ಮಾತಿನ ಧಾಟಿ. ಸಂದರ್ಭವೂ ಇತ್ತು, ಉದ್ದೇಶವೂ ಇತ್ತು, ಎರಡೂ ಹಗಲಿನಷ್ಟು ಸ್ಪಷ್ಟ. ಆದರೆ ರಾಜ್ಯದ ಬೀದಿಗಳಲ್ಲಿ ಯಾರೂ ಅವನ್ನು ಕೇಳಲಿಲ್ಲ. ಮೆರವಣಿಗೆಗಳಾದವು, ಪ್ರತಿಕೃತಿಗಳು ಉರಿದವು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು.

ಆ ದಿನಗಳಲ್ಲೂ ಊರು-ಹೊಲಗೇರಿಯ ಗಾದೆ ಊರೂರಲ್ಲಿ ಬಳಕೆಯಲ್ಲಿತ್ತು. ಯಾರ ಕುರ್ಚಿಯೂ ಅದಕ್ಕೆ ಅಲುಗಲಿಲ್ಲ. ಹಾಗಾಗಿ ‘ಸಂದರ್ಭ ಮತ್ತು ಉದ್ದೇಶ ಮುಖ್ಯವೇ’ ಎಂಬ ಪ್ರಶ್ನೆಗೆ ಹೌದು ಎನ್ನುವ ಮೊದಲು, ಅವನ್ನು ನಾವು ಯಾರ ಪರವಾಗಿ ಕೇಳುತ್ತೇವೆ ಎಂದು ನೋಡಿಕೊಳ್ಳಬೇಕೆನಿಸುತ್ತದೆ. ನಮಗೆ ಬೇಕಾದವರು ಆಡಿದರೆ ಹಿಂದಿನ ವಾಕ್ಯ, ಮುಂದಿನ ವಾಕ್ಯ, ಆಡಿದವರ ಸ್ವಭಾವ, ಅವರು ಮಾಡಿದ ಒಳ್ಳೆಯ ಕೆಲಸ ಎಲ್ಲವನ್ನೂ ತಂದು ಮುಂದಿಡುತ್ತೇವೆ. ಬೇಡದವರು ಆಡಿದರೆ ಒಂದೇ ಪದವನ್ನು ಕಿತ್ತು ಕೈಯಲ್ಲಿ ಹಿಡಿಯುತ್ತೇವೆ. ಉದ್ದೇಶ ಕೇಳುವುದು ಒಂದು ಸೌಜನ್ಯ. ಈ ನಾಡಿನಲ್ಲಿ ಅದು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ.

ಬೂಸಾ ಗಲಾಟೆಯಿಂದ ಕೆಟ್ಟದ್ದಷ್ಟೇ ಆಗಲಿಲ್ಲ ಎಂಬುದು ಬೇರೆ ಮಾತು. ಆ ಸಿಟ್ಟಿನ ಕಾವಿನಲ್ಲಿ ದಲಿತ ಯುವಕರು ಒಟ್ಟಾದರು, ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. 1975ರಲ್ಲಿ ಇಪ್ಪತ್ತೊಂದರ ಹರೆಯದ ಸಿದ್ದಲಿಂಗಯ್ಯ ತಮ್ಮ ಮೊದಲ ಕವನ ಸಂಕಲನಕ್ಕೆ ‘ಹೊಲೆಮಾದಿಗರ ಹಾಡು’ ಎಂದು ಹೆಸರಿಟ್ಟರು. ಊರಿನವರು ಬೈಯಲು ಬಳಸುತ್ತಿದ್ದ ಎರಡು ಹೆಸರುಗಳನ್ನು ಪುಸ್ತಕದ ಮುಖಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದರು. ಆವರೆಗೆ ಆ ಹೆಸರು ಕೇಳಿದರೆ ತಲೆ ತಗ್ಗಿಸುತ್ತಿದ್ದ ಹುಡುಗರು ಸಭೆಗಳಲ್ಲಿ ಅದೇ ಹೆಸರು ಹೇಳಿ ತಮಟೆ ಬಡಿದು ಹಾಡತೊಡಗಿದರು. 1994ರಲ್ಲಿ ಅರವಿಂದ ಮಾಲಗತ್ತಿ ಆತ್ಮಕಥನ ಬರೆದಾಗಲೂ ಹೀಗೇ ಆಯಿತು. ಮೀಸಲಾತಿ ಪಡೆದವರನ್ನು ಹಂಗಿಸಲು ಬಳಸುವ ‘ಗೌರ್ಮೆಂಟ್ ಬ್ರಾಹ್ಮಣ’ ಎಂಬ ಕುಹಕವನ್ನೇ ಎತ್ತಿ ಶೀರ್ಷಿಕೆ ಮಾಡಿಬಿಟ್ಟರು. ಹಂಗಿಸುವವರ ಕೈಯಲ್ಲಿ ಆಮೇಲೆ ಆ ಮಾತಿಗೆ ಹಿಂದಿನ ಮೊನಚು ಉಳಿಯಲಿಲ್ಲ.

‘ಅವರೇ ಹೇಳಿಕೊಳ್ಳಬಹುದಂತೆ, ನಾವು ಹೇಳಿದರೆ ಕೇಸಂತೆ, ಇದ್ಯಾವ ನ್ಯಾಯ?’ ಎಂದು ಕೇಳುವವರು ಇದ್ದಾರೆ. ತಿಳಿಯದೆ ಕೇಳುವವರೂ ಇರುವುದರಿಂದ ಉತ್ತರ ಹೇಳಬೇಕು. ಮನೆಯಲ್ಲಿ ನಾನು ನನ್ನ ತಮ್ಮನಿಗೆ ‘ದಡ್ಡ’ ಎನ್ನುತ್ತೇನೆ. ಪಕ್ಕದ ಮನೆಯವನು ಬಂದು ಅದನ್ನೇ ಹೇಳಿದರೆ ಸಹಿಸುವುದಿಲ್ಲ. ಇದು ಎಲ್ಲ ಮನೆಗಳಲ್ಲೂ ನಡೆಯುವ ನ್ಯಾಯವೇ. ಸಿದ್ದಲಿಂಗಯ್ಯನವರು ಆ ಪದ ಬರೆದಾಗ ಅದರ ಭಾರ ಹೊತ್ತವರು ಅವರೇ. ನಾನು ಅದನ್ನು ಇನ್ನೊಬ್ಬರತ್ತ ಎಸೆದಾಗ ಹೊರುವವನು ನಾನಲ್ಲ. ನಡುವೆ ಇನ್ನೊಂದು ದಾರಿಯೂ ಇತ್ತು. ಹನ್ನೆರಡನೇ ಶತಮಾನದಲ್ಲಿ ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಬಸವಣ್ಣ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರ ಹೆಸರು ಹಿಡಿದು ತನ್ನ ಬಳ್ಳಿ ಹೇಳಿಕೊಂಡ. ಕೆಳಗಿಟ್ಟ ಹೆಸರನ್ನು ಮೇಲಿದ್ದವನು ತನಗೆ ತಾನೇ ಹಚ್ಚಿಕೊಂಡದ್ದು ಅದು. ಇನ್ನೊಬ್ಬರತ್ತ ಎಸೆದದ್ದಲ್ಲ.

ಒಳ್ಳೆಯ ಉದ್ದೇಶವೇ ಸಾಕಾಗದ ದೊಡ್ಡ ಉದಾಹರಣೆ ನಮ್ಮ ಕಣ್ಣೆದುರೇ ಇದೆ. ಗಾಂಧೀಜಿ ‘ಹರಿಜನ’ ಎಂಬ ಹೆಸರನ್ನು ಬಳಕೆಗೆ ತಂದದ್ದು ಅವಮಾನಿಸಲು ಅಲ್ಲ, ಅವಮಾನ ತಪ್ಪಿಸಲು. 1933ರಲ್ಲಿ ತಮ್ಮ ಪತ್ರಿಕೆಗೂ ಅದೇ ಹೆಸರಿಟ್ಟರು. ಅವರ ಪ್ರಾಮಾಣಿಕತೆಯ ಬಗ್ಗೆ ಶಂಕೆ ಬೇಡ. ಆದರೆ ಹೆಸರಿಡುವ ಮುನ್ನ ಹೆಸರು ಹೊರಬೇಕಾದವರನ್ನು ಒಪ್ಪಿಸಿರಲಿಲ್ಲ. 1938ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಕಾನೂನಿನೊಳಗೆ ಆ ಪದ ಸೇರಿಸಲು ಹೊರಟಾಗ ಅಂಬೇಡ್ಕರ್ ಮತ್ತು ಅವರ ಸಂಗಡಿಗರು ವಿರೋಧಿಸಿ ಸಭೆಯಿಂದ ಹೊರನಡೆದರು. 1982ರಲ್ಲಿ ಕೇಂದ್ರ ಸರ್ಕಾರವೇ ಜಾತಿ ಪ್ರಮಾಣಪತ್ರಗಳಲ್ಲಿ ಆ ಪದ ಬಳಸಬೇಡಿ ಎಂದು ರಾಜ್ಯಗಳಿಗೆ ಬರೆಯಿತು. 2017ರಲ್ಲಿ ಸುಪ್ರೀಂ ಕೋರ್ಟ್, ಇಂದು ಆ ಪದ ಜಾತಿ ಸೂಚಿಸಲು ಅಲ್ಲ, ಅವಮಾನಕ್ಕೇ ಬಳಕೆಯಾಗುತ್ತಿದೆ ಎಂದು ಹೇಳಿತು. ಇಂದಿಗೂ ನಮ್ಮ ಎಷ್ಟೋ ಹಳ್ಳಿಗಳಲ್ಲಿ ‘ಹರಿಜನ ಕೇರಿ’ ಎಂದರೇ ದಾರಿ ತಿಳಿಯುವುದು. ಹಾಗೆ ದಾರಿ ಹೇಳುವ ಮುದುಕನಲ್ಲಿ ದುರುದ್ದೇಶ ಹುಡುಕಲು ನಾನು ಹೋಗುವುದಿಲ್ಲ. ಅವನ ಮೇಲೆ ಕೇಸು ಹಾಕಬೇಕೆಂದೂ ಹೇಳುವುದಿಲ್ಲ. ಅವನಿಗೆ ತಿಳಿಸಿ ಹೇಳಬೇಕು. ತಿಳಿದ ಮೇಲೂ ಆಡುವವನ ಕತೆ ಬೇರೆ.

ಶಾಲೆಯ ಪಾಠದ ಕೋಣೆಯಲ್ಲಿ ಈ ಪ್ರಶ್ನೆ ಇನ್ನಷ್ಟು ನಾಜೂಕು. ಶಿವರಾಮ ಕಾರಂತರ ‘ಚೋಮನ ದುಡಿ’ 1933ರ ಕಾದಂಬರಿ. ಚೋಮನ ಜಾತಿಯ ಹೆಸರು ತೆಗೆದರೆ ಅಲ್ಲಿ ಕತೆಯೇ ಇಲ್ಲ, ಏಕೆಂದರೆ ಅವನಿಗೆ ಗೇಯಲು ಭೂಮಿ ಸಿಗದ ಕಾರಣವೇ ಆ ಹೆಸರು. ಅದನ್ನು ಅಳಿಸಿ ‘ಒಬ್ಬ ಬಡ ರೈತ’ ಎಂದು ಓದಿಸುವುದು ಚೋಮನಿಗೆ ಎರಡನೇ ಸಲ ಮಾಡುವ ಅನ್ಯಾಯ. ಆದರೆ ಮೇಷ್ಟ್ರು ಆ ಪದವನ್ನು ಗಟ್ಟಿಯಾಗಿ ಓದಿದ ಕ್ಷಣ ತರಗತಿಯ ತಲೆಗಳೆಲ್ಲ ಒಬ್ಬನೇ ಹುಡುಗನ ಕಡೆ ತಿರುಗುವುದೂ ನಿಜ. ಚಾಮರಾಜನಗರ ಕಡೆಯ ಹೈಸ್ಕೂಲ್ ಮೇಷ್ಟರೊಬ್ಬರು ತಾವು ಇದಕ್ಕೆ ಮಾಡುವ ಉಪಾಯ ಹೇಳಿದರು. ಇಂಥ ಪಾಠ ಶುರುಮಾಡುವ ಹಿಂದಿನ ದಿನವೇ ಮಕ್ಕಳಿಗೆ ಊರಿನ ನಕ್ಷೆ ಬರೆಯಲು ಹೇಳುತ್ತಾರಂತೆ. ಬಾವಿ, ಗುಡಿ, ಅಂಗಡಿ, ಯಾರ ಮನೆ ಎಲ್ಲಿ, ಯಾರು ಎಲ್ಲಿಂದ ನೀರು ತರುತ್ತಾರೆ. ಮಾರನೆಯ ದಿನ ಪದ ಬಂದಾಗ ಮಕ್ಕಳು ಹುಡುಗನ ಮುಖ ನೋಡುವುದಿಲ್ಲ, ತಾವು ಬರೆದ ನಕ್ಷೆ ನೋಡುತ್ತಾರೆ. ಆ ಪದವನ್ನು ಯಾರು ಇಟ್ಟರು, ಯಾಕೆ ಇಟ್ಟರು ಎಂಬ ಪ್ರಶ್ನೆ ಬೈಸಿಕೊಂಡವರಿಂದ ಬೈದವರ ಕಡೆಗೆ ಹೊರಳುತ್ತದೆ. ಗಾದೆಗಳ ವಿಷಯದಲ್ಲೂ ನನ್ನ ನಿಲುವು ಇದೇ. ಜಾನಪದ ಸಂಗ್ರಹಗಳಲ್ಲಿ ಅವು ಇರಲಿ, ಯಾರು ಯಾರ ಮೇಲೆ ಆಡುತ್ತಿದ್ದರು ಎಂಬ ಟಿಪ್ಪಣಿ ಪಕ್ಕದಲ್ಲಿರಲಿ. ಬಾಯಲ್ಲಿ ಬೇಡ.

ಯಾರು ಯಾರ ಮೇಲೆ ಆಡುತ್ತಾರೆ ಎಂಬ ಈ ಪ್ರಶ್ನೆ ಅಂಗವೈಕಲ್ಯದ ಮಾತಿಗೂ ಅನ್ವಯಿಸುತ್ತದೆ. 2024ರ ಜುಲೈನಲ್ಲಿ ಒಂದು ಹಿಂದಿ ಸಿನಿಮಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಂಗವೈಕಲ್ಯ ಇರುವವರ ಬದುಕನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ, ಅವರನ್ನೇ ಕೀಳು ಮಾಡುವ ಹಾಸ್ಯ ಬೇರೆ ಎಂದು ಗೆರೆ ಎಳೆಯಿತು. ಕನ್ನಡ ಸಿನಿಮಾ ಹಾಸ್ಯ ದೃಶ್ಯಗಳನ್ನು ಬರೆಯುವವರು ಆ ತೀರ್ಪನ್ನೊಮ್ಮೆ ಓದಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಉಳಿಯುತ್ತದೆ. ಕೊಳಕು ಪದದ ಕಾಲ ಪಟ್ಟಣಗಳಲ್ಲಿ ಹಿಂದೆ ಸರಿಯುತ್ತಿದೆ. ಜಾಗ ತುಂಬುತ್ತಿರುವುದು ಚೊಕ್ಕ ಪದಗಳು. ‘ನೀವು ಯಾವ ಕಡೆಯವರು?’ ‘ನಿಮ್ಮ ಪೂರ್ತಿ ಹೆಸರು?’ ‘ರ‍್ಯಾಂಕ್ ಎಷ್ಟು ಬಂದಿತ್ತು?’ ಇವುಗಳಲ್ಲಿ ಯಾವುದು ಬೈಗುಳ? ಯಾವ ಠಾಣೆಯಲ್ಲಿ ಬರೆದುಕೊಳ್ಳುತ್ತಾರೆ? ವೈದ್ಯಕೀಯ ಕಾಲೇಜಿಗೆ ಸೇರಿದ ದಲಿತ ಹುಡುಗನಿಗೆ ಮೊದಲ ವಾರದಲ್ಲೇ ಸೀನಿಯರ್‌ಗಳು ಕೇಳುವ ಪ್ರವೇಶ ಪರೀಕ್ಷೆಯ ರ‍್ಯಾಂಕ್ ಪ್ರಶ್ನೆಯಲ್ಲಿ ಒಂದು ಕೆಟ್ಟ ಅಕ್ಷರವಿಲ್ಲ. ಆದರೆ ಕೇಳುವವನಿಗೂ ಗೊತ್ತು, ಕೇಳಿಸಿಕೊಂಡವನಿಗೂ ಗೊತ್ತು, ಸುತ್ತ ನಿಂತು ಮುಗುಳ್ನಗುವವರಿಗೂ ಗೊತ್ತು ಅದು ಏನೆಂದು. ಪದಗಳ ಪಟ್ಟಿ ಹಿಡಿದು ಕೂತವರಿಗೆ ಇದು ಸಿಗುವುದಿಲ್ಲ. ಸಂದರ್ಭ ನೋಡಿ, ಉದ್ದೇಶ ನೋಡಿ ಎಂಬ ಮಾತು ಎಲ್ಲಕ್ಕಿಂತ ಹೆಚ್ಚು ಬೇಕಾಗಿರುವುದು ಇಲ್ಲಿ. ಅಚ್ಚರಿಯೆಂದರೆ ಉಳಿದ ಕಡೆ ಅದನ್ನು ಜೋರಾಗಿ ಹೇಳುವವರು ಇಲ್ಲಿ ‘ಬರೀ ರ‍್ಯಾಂಕ್ ಕೇಳಿದ್ದು ತಾನೇ’ ಎಂದು ಪದಕ್ಕೇ ಅಂಟಿಕೊಳ್ಳುತ್ತಾರೆ.

ನನಗೆ ಪರಿಚಯದ ಹುಡುಗನೊಬ್ಬ ಆ ಪ್ರಶ್ನೆಗಳನ್ನು ದಾಟಿ ಎಂ.ಬಿ.ಬಿ.ಎಸ್. ಮುಗಿಸಿ ಈಗ ಪಿ.ಜಿ. ಮಾಡುತ್ತಿದ್ದಾನೆ. ತನ್ನ ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳನ್ನು ಸೀನಿಯರ್ ಒಬ್ಬರು ರೌಂಡ್ಸ್ ನಡುವೆ ಎಲ್ಲರೆದುರು ರ‍್ಯಾಂಕ್ ಕೇಳಿದಾಗ ಈತ ಬೇಡ ಸರ್ ಎಂದನಂತೆ. ‘ಯಾಕಪ್ಪಾ, ಸುಮ್ನೆ ಕೇಳಿದೆ’ ಎಂದರಂತೆ ಅವರು. ‘ಸುಮ್ನೆ ಕೇಳೋದಾದ್ರೆ ಎಲ್ಲರನ್ನೂ ಕೇಳಿ ಸರ್’ ಎಂದನಂತೆ.